ಜಾಣಕಿವುಡು

‘ಚರಂಡಿ ದುರಸ್ತಿ: ಅಧಿಕಾರಿಗಳ ಜಾಣಕಿವುಡು’ ಎಂಬ ತಲೆಬರಹವನ್ನು ಕತ್ತರಿಸಿ ಕಳಿಸಿರುವ ಹಿರಿಯ ಓದುಗರೊಬ್ಬರು ಅದರ ಕೆಳಗೆ ಬರೆದಿದ್ದಾರೆ: ‘ಮನೆಯಲ್ಲಿ ಸೊಸೆ ನನಗೂ ಇದನ್ನೇ ಅನ್ನುತ್ತಾಳೆ. ಅಷ್ಟು ಜಾಣನಾಗಿದ್ದರೆ ನಾನೂ ಅಧಿಕಾರಿಯಾಗಿರುತ್ತಿದ್ದೆ.’

ದಿನಕ್ಕೊಂದು ಇಲಾಖೆಗೆ ಹಚ್ಚಿ ಹಚ್ಚಿ ಪತ್ರಿಕೆಯವರು ಈ ಪದವನ್ನು ಸವೆಸಿಬಿಟ್ಟಿದ್ದಾರೆ. ನನ್ನ ವಾದ ಏನೆಂದರೆ, ಇದು ಕಚೇರಿಯಲ್ಲಿ ಹುಟ್ಟಿದ ಪದವೇ ಅಲ್ಲ, ಅಡುಗೆಮನೆಯದು. ಕಟ್ಟಿದವಳು ಯಾರೋ ಸೊಸೆ. ಆಧಾರ ಕೇಳಬೇಡಿ. ‘ಬೇಕಾದ್ದು ಮಾತ್ರ ಚೆನ್ನಾಗಿ ಕೇಳಿಸುತ್ತೆ’ ಎಂಬ ಗುಮಾನಿ ಒಂದೇ ಸೂರಿನಡಿ ಬಾಳುವವರಿಗಲ್ಲದೆ ಇನ್ನಾರಿಗೆ ಹುಟ್ಟೀತು?

ಗುಮಾನಿಗೆ ಕಾರಣವೂ ಇದೆ. ಅದಕ್ಕೆ ‘ಕಿವುಡನ ಮುಂದೆ ಶಂಖ ಊದಿದಂತೆ’ ಗಾದೆಯನ್ನು ಕೊಂಚ ಜಗ್ಗಾಡಬೇಕು. ಈ ಗಾದೆ ಕಟ್ಟಿದವನ ಮನೆಯಲ್ಲಿ ಮುದುಕರು ಇರಲಿಲ್ಲವೆಂದು ಕಾಣುತ್ತದೆ. ವಯಸ್ಸಿಗೆ ಬಂದ ಕಿವುಡಿಗೆ ಶಂಖ ಚೆನ್ನಾಗಿಯೇ ಕೇಳುತ್ತದೆ! ಒಳಗಿವಿಯಲ್ಲಿ ಶಂಖದಂತೆಯೇ ಸುರುಳಿ ಸುತ್ತಿದ ನಾಳವಿದೆ. ಅದರ ಬುಡದ ಜೀವಕೋಶಗಳು ಕೀಚಲು ಸದ್ದಿಗೆ, ತುದಿಯವು ದಪ್ಪ ಸದ್ದಿಗೆ. ಮೊದಲು ಸಾಯುವುದು ಬುಡದವು. ಹಾಗಾಗಿ ಕೆಲವು ನೂರು ಹರ್ಟ್ಸ್‌ನಲ್ಲಿ ಮೊಳಗುವ ಶಂಖ ಕೇಳುತ್ತದೆ, ಮಗನ ದಪ್ಪ ದನಿ ಕೇಳುತ್ತದೆ. 4000 ಹರ್ಟ್ಸ್‌ನ ಮೇಲೆ ಸುಳಿಯುವ ಸಕಾರ ಕೇಳುವುದಿಲ್ಲ. ‘ಮಾವ, ಸಕ್ಕರೆ ಹಾಕ್ಲಾ?’ ಅಂದರೆ ಅವರಿಗೆ ಮುಟ್ಟುವುದು ಅಕ್ಕರೆಯೋ ಇನ್ನೇನೋ. ಮಗ ಅಂದದ್ದಕ್ಕೆ ಉತ್ತರ ಬಂತು, ಸೊಸೆ ಅಂದದ್ದಕ್ಕೆ ಬರಲಿಲ್ಲ, ಆರೋಪ ಸಿದ್ಧ.

ಕೂಗಿದರೆ ಉಬ್ಬುವುದು ಸ್ವರ, ವ್ಯಂಜನ ಇದ್ದಲ್ಲೇ ಇರುತ್ತದೆ. ಮೇಲಾಗಿ ಇಂಥ ಕಿವಿಗೆ ಮೆಲುದನಿ ಮುಟ್ಟದು, ಜೋರುದನಿ ಚುಚ್ಚುತ್ತದೆ. ‘ಯಾಕೆ ಕಿರುಚ್ತೀಯ, ನಾನೇನು ಕಿವುಡನಾ?’ ಎಂದು ಅವರು ರೇಗುವುದು ಬರೀ ಹಟವಲ್ಲ. ಮಿಕ್ಸಿ ನಿಲ್ಲಿಸಿ, ‘ಮಾವ’ ಎಂದು ಕರೆದು, ಅವರು ತಿರುಗಿದ ಮೇಲೆ ಬೆಳಕಿಗೆ ಮುಖ ಕೊಟ್ಟು ಮಾತಾಡಿದರೆ ತುಟಿಯೇ ಎಷ್ಟೋ ಹೇಳುತ್ತದೆ. ಆಗಲೂ ಆಗದಿದ್ದರೆ ಪದ ಬದಲಿಸಿ. ‘ಸಕ್ಕರೆ’ ಸೋತಲ್ಲಿ ‘ಸಿಹಿ’ಯೂ ಸೋತೀತು, ‘ಬೆಲ್ಲ’ ಗೆಲ್ಲುತ್ತದೆ, ಆದರೆ ಕಾಫಿ ಕೆಡುತ್ತದೆ. ಡಬ್ಬಿ ಎತ್ತಿ ತೋರಿಸಿದರಾಯಿತು.

ಕನ್ನಡಕಕ್ಕಿಲ್ಲದ ನಾಚಿಕೆ ಕಿವಿ ಮಿಷನ್‌ಗೆ ಯಾಕೋ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದ್ದರೂ ಕಿವಿ ತೋರಿಸಿಕೊಳ್ಳಲು ಹಿಂದೇಟು. ಆದರೆ ಯಾವ ಮಿಷನ್ನೂ ಈಗಿನವರ ಕನ್ನಡವನ್ನು ತಿದ್ದದು. ಸ್ವರದಲ್ಲಿ ಮುಗಿಯುವ ನುಡಿಗಳ ಬಾಲ ಕತ್ತರಿಸಿ, ಫೋನಿನ ಮೇಲೆ ಕಣ್ಣಿಟ್ಟು, ‘ಹೋಗ್ಬಿಟ್ಬರ್ತಿನ್’ ಎಂದು ತಮ್ಮ ಎದೆಗೇ ಹೇಳಿಕೊಳ್ಳುತ್ತಾರೆ. ಎರಡನೇ ಸಲ ‘ಆಂ?’ ಅಂದವರಿಗೆ ಸಿಗುವುದು ‘ಏನಿಲ್ಲ ಬಿಡಿ’. ಆ ಏನಿಲ್ಲದಲ್ಲಿ ಗ್ಯಾಸ್ ಬುಕ್ ಮಾಡಿದ್ದೂ ಇರಬಹುದು, ಮೊಮ್ಮಗಳ ಮದುವೆ ಗೊತ್ತಾದದ್ದೂ ಇರಬಹುದು. ಮಾವನವರಿಗೆ ಅದು ತಿಳಿಯುವುದು ನಾಲ್ಕು ದಿನ ಬಿಟ್ಟು, ಪಕ್ಕದ ಮನೆಯ ದಪ್ಪ ದನಿಯವರಿಂದ.