‘ಆಮ್ಲಜನಕ’: ಒಂದು ಪಾರಿಭಾಷಿಕ ಪದದ ಚರಿತ್ರೆ

ಪಾರಿಭಾಷಿಕ ಪದವನ್ನು ಅನ್ಯಭಾಷೆಯಿಂದ ಸ್ವೀಕರಿಸುವಾಗ ಅದರ ಧ್ವನಿಯನ್ನು ಉಳಿಸಿಕೊಳ್ಳಬೇಕೆ, ಘಟಕಗಳ ಅರ್ಥವನ್ನು ತರಬೇಕೆ ಎಂಬ ಪ್ರಶ್ನೆ ಹಳೆಯದು. ಕನ್ನಡದಲ್ಲಿ ‘ಆಕ್ಸಿಜನ್’, ‘ಆಮ್ಲಜನಕ’ ಎಂಬೆರಡು ರೂಪಗಳೂ ಬಳಕೆಯಲ್ಲಿರುವುದರಿಂದ ಈ ಪದದ ಚರಿತ್ರೆ ಪರಿಶೀಲನಾರ್ಹವಾಗಿದೆ.

ಈ ಅನಿಲವನ್ನು ಸ್ವೀಡನ್ನಿನ ಷೀಲೆಯೂ, 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿಯೂ ಪ್ರತ್ಯೇಕವಾಗಿ ಪಡೆದರು. ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಆಮ್ಲಗಳಿಗೆಲ್ಲ ಇದೇ ಮೂಲವೆಂದು ಭಾವಿಸಿದ ಆತ, ಹರಿತ ಅಥವಾ ಹುಳಿ ಎಂಬರ್ಥದ ಗ್ರೀಕ್ ‘ಒಕ್ಸುಸ್’ ಪದಕ್ಕೆ ಹುಟ್ಟನ್ನು ಸೂಚಿಸುವ ‘ಗೆನ್’ ಧಾತುವನ್ನು ಸೇರಿಸಿದನು. 1787ರಲ್ಲಿ ನಾಲ್ವರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ನಾಮಕರಣ ಗ್ರಂಥ ಆ ಹೆಸರನ್ನು ನೆಲೆಗೊಳಿಸಿತು.

ಗ್ರೀಕಿನ ‘ಗ’ಕಾರ ಇಂಗ್ಲಿಷಿನಲ್ಲಿ ‘ಜ’ಕಾರವಾಗಿದೆ. ಮೂರು ಉಚ್ಚಾರಾಂಶಗಳ ಆ ಪದದಲ್ಲಿ ಒತ್ತು ಮೊದಲನೆಯದರ ಮೇಲೆ ಬೀಳುತ್ತದೆ. ಸಂಸ್ಕೃತದ ‘ಜನ್’ ಧಾತುವೂ ಗ್ರೀಕಿನ ‘ಗೆನ್’ ಧಾತುವೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಹೀಗಾಗಿ ‘ಆಕ್ಸಿಜನ್’, ‘ಆಮ್ಲಜನಕ’ ಪದಗಳ ಉತ್ತರಾರ್ಧಗಳು ಜ್ಞಾತಿಗಳೇ ಆಗಿವೆ. ಎರಡರಲ್ಲೂ ‘ಜ’ಕಾರ ಕೇಳಿಸುವುದು ಮಾತ್ರ ಆಕಸ್ಮಿಕ.

ಗ್ರೀಕಿನಲ್ಲಿ ಇಂಥ ಸಮಾಸಗಳು ಸಾಮಾನ್ಯವಾಗಿ ‘ಜನಿಸಿದ’ ಎಂಬರ್ಥ ಕೊಡುತ್ತವೆ. ಡಯೋಜಿನಿಸ್ ಎಂದರೆ ಸ್ಯೂಸ್ ದೇವತೆಯಿಂದ ಜನಿಸಿದವನು. ಆ ರೂಢಿಯಂತೆ ನಮ್ಮ ಪದ ‘ಆಮ್ಲಜ’ವಾಗಬೇಕಿತ್ತು. ಜಲಜಕ್ಕೂ ಜಲಜನಕಕ್ಕೂ ಇರುವ ಭೇದವನ್ನು ಬಲ್ಲ ಕನ್ನಡದಲ್ಲಿ ‘ಜನಕ’ ಎಂಬ ರೂಪವು ಲವಾಸಿಯೆಯ ಉದ್ದೇಶವನ್ನು ಗ್ರೀಕ್ ರೂಪಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಉದ್ದೇಶದೊಡನೆ ಆತನ ದೋಷವೂ ಬಂದಿತು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ನನ್ನು ಮೂಲವಸ್ತುವೆಂದು ಪ್ರತಿಪಾದಿಸಿದನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಲಜನಕ ಮತ್ತು ಕ್ಲೋರಿನ್‌ಗಳಿವೆ, ಆಮ್ಲಜನಕವಿಲ್ಲ. ಗ್ರೀಕ್ ಅರಿಯದವರಿಗೆ ‘ಆಕ್ಸಿಜನ್’ ಕೇವಲ ಹೆಸರು. ಕನ್ನಡ ವಿದ್ಯಾರ್ಥಿಗೆ ‘ಆಮ್ಲಜನಕ’ ಒಂದು ಹೇಳಿಕೆ, ಅದೂ ತಪ್ಪು ಹೇಳಿಕೆ.

ನೆರೆಯ ಭಾಷೆಗಳ ಮಾರ್ಗಗಳು ಭಿನ್ನ. ತೆಲುಗಿನ ‘ಆಮ್ಲಜನಿ’ ಕನ್ನಡದ ಹಾದಿಯದೇ. ತಮಿಳಿನ ‘ಉಯಿರ್ವಳಿ’ ಜೀವವಾಯುವೆಂದು ಹೇಳಿ ಆ ದೋಷದಿಂದ ಪಾರಾಗಿದೆ. ಹಿಂದಿಯ ‘ಆಕ್ಸೀಜನ್’ ಧ್ವನಿಯನ್ನಷ್ಟೇ ಸ್ವೀಕರಿಸಿದೆ. ಹೈದರಾಬಾದ್, ಚೆನ್ನೈ, ದೆಹಲಿಗಳ ಕನ್ನಡ ಮಕ್ಕಳು ಮನೆಯ ಪದದೊಡನೆ ಇವನ್ನೂ ಕೇಳುತ್ತ ಬೆಳೆಯುತ್ತಾರೆ.

ಇಷ್ಟಕ್ಕೇ ‘ಆಮ್ಲಜನಕ’ವನ್ನು ಕೈಬಿಡಬೇಕಾಗಿಲ್ಲ. ಅದು ಕನ್ನಡದ ವಿಭಕ್ತಿಗಳಿಗೆ ಸಹಜವಾಗಿ ಒಗ್ಗಿದ ಪದ. ಪದದ ಘಟಕಾರ್ಥವೇ ವಸ್ತುವಿನ ಲಕ್ಷಣವಲ್ಲ, ಅದು ಹೆಸರಿಟ್ಟ ಕಾಲದ ತಿಳಿವಳಿಕೆಯ ದಾಖಲೆ ಎಂಬುದನ್ನು ಪಾಠದೊಡನೆ ಬೋಧಿಸುವುದು ಅವಶ್ಯಕ. ಅರ್ಥಾನುವಾದದಿಂದ ಪದ ರಚಿಸುವವರು ಮೂಲಪದದ ವ್ಯುತ್ಪತ್ತಿಯನ್ನಲ್ಲದೆ ಅದರ ಸತ್ಯಾಸತ್ಯತೆಯನ್ನೂ ಪರೀಕ್ಷಿಸಬೇಕು.