ಅಧ್ಯಕ್ಷರಿಲ್ಲದ ಸಭೆಯಲ್ಲಿ ಮನೆ ದಲ್ಲಾಳಿಗಳು

2008ರ ಜುಲೈ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮನೆ ಮಾರಾಟದ ಏಜೆಂಟರು, ಬ್ರೋಕರುಗಳು ಮತ್ತು ಅದೇ ವ್ಯವಹಾರವನ್ನು ನೆಚ್ಚಿಕೊಂಡ ಇತರರು ಒಂದು ದಿನದ ಮಟ್ಟಿಗೆ ಸಭೆ ಸೇರಿದರು. ಆ ಸಭೆಗೆ ಅಧ್ಯಕ್ಷರಿರಲಿಲ್ಲ. ಉದ್ಘಾಟಕರು, ಮುಖ್ಯ ಅತಿಥಿಗಳು ಇರಲಿಲ್ಲ. ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ಏನು ಚರ್ಚೆಯಾಗಬೇಕು ಎಂಬುದನ್ನು ಬೆಳಿಗ್ಗೆ ಬಂದವರೇ ಗೋಡೆಯ ಮೇಲಿನ ಖಾಲಿ ಪಟ್ಟಿಯಲ್ಲಿ ಬರೆದು ತೀರ್ಮಾನಿಸಿದರು. ಏರ್ಪಾಡು ಮಾಡಿದವರೂ ಅದೇ ಕಸುಬಿನವರು. ಸಂಭಾವನೆಯಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಓಡಾಡಿದವರು. ಸಭೆಯ ಹೆಸರು 'ಆರ್‌ಇ ಬಾರ್‌ಕ್ಯಾಂಪ್'. ಆರ್‌ಇ ಎಂದರೆ ರಿಯಲ್ ಎಸ್ಟೇಟ್.

ಸಾಫ್ಟ್‌ವೇರ್ ಜನ ಹೀಗೆ ಸೇರಿದರೆ ಅದರಲ್ಲಿ ವಿಶೇಷವೇನಿಲ್ಲ. ಬರೆದ ಕೋಡನ್ನು ಹಂಚಿಕೊಳ್ಳುವುದು ಅವರಲ್ಲಿ ಒಂದು ವರ್ಗದ ಜೀವನಕ್ರಮವೇ ಆಗಿದೆ. ದಲ್ಲಾಳಿಯ ವಿಷಯ ಹಾಗಲ್ಲ. ಅವನ ಬಂಡವಾಳವೇ ಸುದ್ದಿ: ಯಾವ ಮನೆ ಖಾಲಿಯಿದೆ, ಯಾರಿಗೆ ಹಣದ ಜರೂರಿದೆ, ಎಷ್ಟಕ್ಕೆ ಒಪ್ಪಿಯಾರು ಎಂಬ ಸುದ್ದಿ. ವರ್ಗಾವಣೆಯ ನೌಕರಿಯಲ್ಲಿ ಊರಿಂದೂರಿಗೆ ಮನೆ ಹುಡುಕುತ್ತ ಅಲೆದವರಿಗೆ ಇದನ್ನು ವಿವರಿಸಬೇಕಿಲ್ಲ. ದೆಹಲಿಯ ಪ್ರಾಪರ್ಟಿ ಡೀಲರ್ ಇರಲಿ, ಮುಂಬಯಿಯ ಬ್ರೋಕರ್ ಇರಲಿ, ಮನೆಯ ವಿಳಾಸವನ್ನು ಕಡೆಯ ಗಳಿಗೆಯವರೆಗೆ ಬಾಯಿಬಿಡುವುದಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸುತ್ತಾನೆ. ಇಂಥ ಕಸುಬಿನವರು ತಮಗೆ ತಿಳಿದದ್ದನ್ನು ಪ್ರತಿಸ್ಪರ್ಧಿಗಳ ಎದುರು ಪುಕ್ಕಟೆಯಾಗಿ ಹೇಳಲು ಒಪ್ಪಿದ್ದು ಹೇಗೆ? ಉತ್ತರಕ್ಕೆ ಎರಡು ಬೇರೆ ಬೇರೆ ಚರಿತ್ರೆಗಳನ್ನು ನೋಡಬೇಕು: ಒಂದು ಇಂಥ ಸಭೆಯದು, ಇನ್ನೊಂದು ಆ ಕಸುಬಿನದು.

ಸಭೆಯ ಚರಿತ್ರೆ ಶುರುವಾಗುವುದು ಕಾಫಿಯಿಂದ. ಹ್ಯಾರಿಸನ್ ಓವನ್ ಎಂಬ ಅಮೆರಿಕನ್ 1983ರಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕಾಗಿ ಸುಮಾರು ಒಂದು ವರ್ಷ ದುಡಿದ. ಎಲ್ಲ ಮುಗಿದ ಮೇಲೆ ಬಂದವರು ಮೆಚ್ಚಿಕೊಂಡದ್ದು ಪ್ರಬಂಧಗಳನ್ನಲ್ಲ, ಭಾಷಣಗಳನ್ನಲ್ಲ. ನಡುನಡುವಿನ ಕಾಫಿ ವಿರಾಮಗಳನ್ನು. ಪಾದ್ರಿಯಾಗಿದ್ದ, ಛಾಯಾಚಿತ್ರಕಾರನಾಗಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಹಳ್ಳಿಯ ಉತ್ಸವಗಳನ್ನು ಕಂಡಿದ್ದ ಓವನ್‌ಗೆ ಈ ಮಾತು ನಾಟಿತು. ಯಾವ ಸಂಘಟನಾ ಸಮಿತಿಯೂ ಕಾಣದಿದ್ದರೂ ಅಲ್ಲಿ ಎಲ್ಲವೂ ನಡೆದುಹೋಗುತ್ತಿತ್ತು. ಜನ ವೃತ್ತಾಕಾರವಾಗಿ ಕೂರುತ್ತಿದ್ದರು, ಸಂತೆಯಂತೆ ಬೆರೆಯುತ್ತಿದ್ದರು. 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆತ ಕುರ್ಚಿಗಳನ್ನು ವೃತ್ತದಲ್ಲಿ ಹಾಕಿಸಿ, ಖಾಲಿ ಗೋಡೆಯೊಂದನ್ನು ತೋರಿಸಿ, ಚರ್ಚಿಸಬೇಕಾದ್ದನ್ನು ನೀವೇ ಬರೆದು ಅಂಟಿಸಿ ಎಂದ. ಈ ಪದ್ಧತಿಗೆ 'ಓಪನ್ ಸ್ಪೇಸ್' ಎಂದು ಹೆಸರಾಯಿತು. ಅದರ ಕಟ್ಟಳೆಗಳಲ್ಲಿ ನನಗೆ ಇಷ್ಟವಾದದ್ದು ಎರಡು ಕಾಲುಗಳ ನಿಯಮ: ಕುಳಿತ ಜಾಗದಲ್ಲಿ ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಎನಿಸಿದರೆ ಎದ್ದು ಇನ್ನೊಂದು ಗುಂಪಿಗೆ ನಡೆದುಬಿಡಬೇಕು, ಅದು ಅವಮರ್ಯಾದೆಯಲ್ಲ. ನಮ್ಮ ಕನ್ನಡ ಸಂಘಗಳ ಸಮಾರಂಭಗಳಲ್ಲಿ ಮೂರನೆಯ ಅತಿಥಿಯ ಭಾಷಣದ ಹೊತ್ತಿಗೆ ಈ ನಿಯಮ ಜಾರಿಯಲ್ಲಿದ್ದರೆ ಸಭಾಂಗಣದಲ್ಲಿ ಎಷ್ಟು ಜನ ಉಳಿದಾರು ಎಂದು ಯೋಚಿಸುವುದುಂಟು.

ಇಂಥ ಪ್ರಸಂಗ ಬಂದಾಗ ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ಎಳೆದು ತಂದು, ಇದೆಲ್ಲ ನಮ್ಮಲ್ಲಿ ಆಗಲೇ ಇತ್ತು ಎನ್ನುವ ಚಪಲ ನಮಗುಂಟು. ಅದನ್ನು ಇಲ್ಲಿ ಕೈಬಿಡುವುದೇ ಲೇಸು. ಕಲ್ಯಾಣದ ಶರಣರು ಕೂಡಿದ್ದು ಲೋಕವ್ಯವಹಾರದ ಅನುಕೂಲಕ್ಕಲ್ಲ.

ಮುಂದಿನ ಹೆಜ್ಜೆ ಕಂಪ್ಯೂಟರ್ ಲೋಕದ್ದು. ತಾಂತ್ರಿಕ ಪುಸ್ತಕಗಳ ಪ್ರಕಾಶಕ ಟಿಮ್ ಓರೈಲಿಯ ಸಂಸ್ಥೆ 2003ರಲ್ಲಿ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ನಲ್ಲಿ 'ಫೂ ಕ್ಯಾಂಪ್' ನಡೆಸಿತು. ಓರೈಲಿಯ ಸ್ನೇಹಿತರು ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ 'ಫೂ' ಆಯಿತು. ಬಂದವರು ಹುಲ್ಲುಹಾಸಿನ ಮೇಲೆ ಡೇರೆ ಹಾಕಿಕೊಂಡು ಮಲಗಿದರು, ಗೋಡೆಯ ಪಟ್ಟಿಯಲ್ಲಿ ವಿಷಯ ಬರೆದು ಮಾತಾಡಿದರು. ಆದರೆ ಕರೆ ಬಂದವರಿಗಷ್ಟೇ ಪ್ರವೇಶ. 2005ರ ಆಗಸ್ಟ್‌ನಲ್ಲಿ ಕೆಲವು ತರುಣರು ಎಲ್ಲರಿಗೂ ಬಾಗಿಲು ತೆರೆದ ಇನ್ನೊಂದು ಶಿಬಿರವನ್ನು ಪಾಲೋ ಆಲ್ಟೋ ಊರಿನ ಒಂದು ಕಂಪನಿಯ ಕಚೇರಿಯಲ್ಲಿ ನಡೆಸಿಯೇಬಿಟ್ಟರು. ನಾವು ಉದಾಹರಣೆಗೆ ರಾಮ, ಸೋಮ ಎನ್ನುವಂತೆ ಪ್ರೋಗ್ರಾಂ ಬರೆಯುವವರು 'ಫೂ', 'ಬಾರ್' ಎನ್ನುತ್ತಾರೆ. ಫೂ ಆದ ಮೇಲೆ ಬಾರ್. ಹಾಗಾಗಿ ಅದು 'ಬಾರ್‌ಕ್ಯಾಂಪ್'. ಸಿದ್ಧತೆಗೆ ಹಿಡಿದದ್ದು ಒಂದು ವಾರಕ್ಕೂ ಕಡಿಮೆ, ಬಂದವರು ಸುಮಾರು 200 ಜನ. ಪ್ರೇಕ್ಷಕರಿಲ್ಲ, ಎಲ್ಲರೂ ಭಾಗಿಗಳು ಎಂಬುದು ಅದರ ಧ್ಯೇಯ. ಅದು ಎಷ್ಟು ಬೇಗ ಹಬ್ಬಿತೆಂದರೆ 2006ರ ಮಾರ್ಚ್‌ನಲ್ಲಿ ದೆಹಲಿಯಲ್ಲಿಯೂ ಏಪ್ರಿಲ್‌ನಲ್ಲಿ ಚೆನ್ನೈ, ಬೆಂಗಳೂರುಗಳಲ್ಲಿಯೂ ಬಾರ್‌ಕ್ಯಾಂಪ್‌ಗಳು ನಡೆದವು. ಬೆಂಗಳೂರಿನದು ಬಹುಕಾಲ ಬಾಳಿತು.

ಇನ್ನು ದಲ್ಲಾಳಿಗಳ ಕಡೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ನಗರಗಳ ಬ್ರೋಕರುಗಳು ಗೊತ್ತಾದ ದಿನ ತಮ್ಮ ಸ್ಥಳೀಯ ಸಂಘದ ಕಚೇರಿಯಲ್ಲಿ ಕೂಡಿ, ತಮ್ಮ ಕೈಯಲ್ಲಿ ಮಾರಾಟಕ್ಕಿದ್ದ ಮನೆಗಳ ವಿವರವನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದರು. ನನ್ನ ಮನೆಗೆ ನೀನು ಗಿರಾಕಿ ತಂದರೆ ದಲ್ಲಾಳಿಯಲ್ಲಿ ನಿನಗೂ ಪಾಲು ಎಂಬುದು ಒಪ್ಪಂದ. ಇದೇ ಬೆಳೆದು 'ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್' ಎಂಬ ಹಂಚಿಕೆಯ ಪಟ್ಟಿಯಾಯಿತು. ನಮ್ಮ ದೇಶದಲ್ಲಿ ಇಂಥದು ವ್ಯಾಪಕವಾಗಿ ಬೇರೂರಲಿಲ್ಲ. ಒಂದೇ ಫ್ಲ್ಯಾಟನ್ನು ಮೂವರು ಬ್ರೋಕರುಗಳು ಮೂರು ಬಾಡಿಗೆ ಹೇಳಿ ತೋರಿಸುವುದರ ಮೂಲ ಅಲ್ಲಿದೆ. ಎಂದರೆ ಅಮೆರಿಕದಲ್ಲಿ ಆ ಕಸುಬು ವ್ಯವಸ್ಥಿತವಾದದ್ದೇ ಗುಟ್ಟು ಹಂಚಿಕೊಳ್ಳುವ ಕೂಟಗಳಿಂದ. 1908ರಲ್ಲಿ ಶಿಕಾಗೋ ನಗರದಲ್ಲಿ 19 ಸ್ಥಳೀಯ ಮಂಡಳಿಗಳ 120 ಮಂದಿ ಕೂಡಿ ರಾಷ್ಟ್ರೀಯ ಸಂಘ ಕಟ್ಟಿದಾಗ ಅದರ ಹೆಸರಿನಲ್ಲಿ 'ಎಕ್ಸ್‌ಚೇಂಜ್' ಎಂಬ ಮಾತೇ ಇತ್ತು. ಇಂದಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಅದೇ.

ಆದರೆ ಕೂಟಕ್ಕೆ ಬಾಗಿಲೂ ಇತ್ತು, ಬಾಗಿಲಿಗೆ ಅಗುಳಿಯೂ ಇತ್ತು. 1924ರ ಅದರ ನೀತಿಸಂಹಿತೆ, ಬಡಾವಣೆಯ ಬೆಲೆ ಇಳಿಸುವಂಥ ಜನಾಂಗದವರನ್ನು ಅಲ್ಲಿಗೆ ತರಬಾರದೆಂದು ಸದಸ್ಯರಿಗೆ ವಿಧಿಸಿತ್ತು. ಹೊರಗುಳಿದ ಕಪ್ಪು ಬ್ರೋಕರುಗಳು 1947ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಹಳೆಯ ಸಂಘ ಈ ಚರಿತ್ರೆಗಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ಬೇಕಾದವರು ಬರಬಹುದು ಎಂಬ ಸರಳ ಮಾತು ಈ ಕಸುಬಿನಲ್ಲಿ ಅಷ್ಟೇನೂ ಸರಳವಲ್ಲ ಎಂಬುದಕ್ಕೆ ಇದನ್ನು ನೆನೆಯಬೇಕಾಯಿತು.

2008ರ ಹೊತ್ತಿಗೆ ಆ ಹಂಚಿಕೆಯ ಪಟ್ಟಿ ಒಂದು ಕೋಟೆಯಾಗಿತ್ತು. ಅಂತರಜಾಲದ ಮೂಲಕ ಕೆಲಸ ಮಾಡುವ ಬ್ರೋಕರುಗಳನ್ನು ಪಟ್ಟಿಯಿಂದ ದೂರ ಇಡಲಾಗುತ್ತಿದೆ ಎಂದು ಅಮೆರಿಕದ ನ್ಯಾಯಾಂಗ ಇಲಾಖೆ 2005ರಲ್ಲಿ ಸಂಘದ ಮೇಲೆ ದಾವೆ ಹೂಡಿತ್ತು. 2008ರ ಮೇ ತಿಂಗಳಲ್ಲಿ ರಾಜಿಯಾಯಿತು. ಅಷ್ಟರಲ್ಲಿ 'ಜಿಲ್ಲೋ' ಎಂಬ ತಾಣ ಮನೆಮನೆಯ ಅಂದಾಜು ಬೆಲೆಯನ್ನು ಬೀದಿಗೆ ತಂದು ಎರಡು ವರ್ಷವಾಗಿತ್ತು. ಗುಟ್ಟಿಗೆ ಬೆಲೆ ಹೋಗತೊಡಗಿತ್ತು. ಅದರ ಮೇಲೆ ಗೃಹಸಾಲದ ಕುಸಿತ. ಸ್ಯಾನ್ ಫ್ರಾನ್ಸಿಸ್ಕೋದ ಸಭೆಗೆ ಕೆಲವೇ ದಿನ ಮುಂಚೆ ಅದೇ ರಾಜ್ಯದ ಇಂಡಿಮ್ಯಾಕ್ ಬ್ಯಾಂಕ್ ಮುಳುಗಿತ್ತು. ಲೀಮನ್ ಬ್ರದರ್ಸ್ ಬಿದ್ದದ್ದು ಎರಡು ತಿಂಗಳ ನಂತರ. ಆ ವರ್ಷ ಅಮೆರಿಕದಲ್ಲಿ 23 ಲಕ್ಷಕ್ಕೂ ಹೆಚ್ಚು ಮನೆಗಳು ಜಪ್ತಿಯ ನೋಟಿಸು ಕಂಡವು, ಅತಿ ಹೆಚ್ಚು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಏಜೆಂಟರಲ್ಲಿ ಬಹುಪಾಲು ಜನ ಸಂಬಳದವರಲ್ಲ. ಮನೆ ಮಾರಿದರೆ ಕಮಿಷನ್, ಇಲ್ಲದಿದ್ದರೆ ಸೊನ್ನೆ. ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ ಬ್ಯಾಂಕನ್ನು ಒಪ್ಪಿಸಿ ಮನೆ ಮಾರುವ 'ಶಾರ್ಟ್ ಸೇಲ್' ಅವರಲ್ಲಿ ಅನೇಕರಿಗೆ ಹೊಸದು. ಪರವಾನಗಿ ಪರೀಕ್ಷೆಗೆ ಓದಿದ ಪಾಠ ಅದಕ್ಕೆ ಸಾಲದು. ತಿಳಿದವನೆಂದರೆ ನಿನ್ನೆ ಅಂಥದೊಂದು ಮಾರಾಟ ಮುಗಿಸಿದ ಪಕ್ಕದ ಬೀದಿಯ ಪ್ರತಿಸ್ಪರ್ಧಿ.

ಆದರ್ಶದಿಂದಲೇ ದಲ್ಲಾಳಿಗಳು ಬಾಯಿಬಿಟ್ಟರೆಂದು ನನಗನಿಸುವುದಿಲ್ಲ. ಮುಚ್ಚಿಟ್ಟುಕೊಂಡದ್ದಕ್ಕೆ ಬೆಲೆಯಿಲ್ಲದ, ಬೇಕಾದದ್ದು ಇನ್ನೊಬ್ಬರ ಬಳಿಯಿರುವ ಕಾಲ ಬಂದಿತ್ತು. ಏರ್ಪಾಡು ಮಾಡಿದವರ ಜಾಣ್ಮೆಯೂ ದೊಡ್ಡದೇ. ಮನೆ ವ್ಯವಹಾರದ ಸುದ್ದಿಸಂಸ್ಥೆ ಇನ್ಮನ್ ನಡೆಸುವ, ಶುಲ್ಕ ತೆತ್ತು ಹೋಗಬೇಕಾದ ದೊಡ್ಡ ಸಮ್ಮೇಳನ ಆ ವಾರ ಅಲ್ಲೇ ಇತ್ತು. ಅದರ ಮುನ್ನಾದಿನವನ್ನೇ ಇವರು ಹಿಡಿದರು. ದೂರದೂರಿಂದ ಹೇಗೂ ಬಂದಿಳಿದವರಿಗೆ ಪ್ರತ್ಯೇಕ ಪ್ರಯಾಣದ ಖರ್ಚಿಲ್ಲ.

ತಾನಾಗಿ ನಡೆಯುವಂತೆ ಕಾಣುವ ಸಭೆಯ ಹಿಂದೆ ದುಡಿಮೆ ಕಡಿಮೆಯಿರುವುದಿಲ್ಲ. ಒಂದು ದೊಡ್ಡ ಹಾಲ್ ಸಾಲದು, ಐದಾರು ಚಿಕ್ಕ ಕೋಣೆಗಳಿರುವ ಜಾಗ ಬೇಕು. ವೈಫೈ, ಊಟ, ಕಾಫಿ, ಹೆಸರಿನ ಚೀಟಿ, ಮಾರ್ಕರ್ ಪೆನ್ನು ಬೇಕು. ಪ್ರವೇಶ ಉಚಿತ ಅಥವಾ ನಾಮಮಾತ್ರ ಶುಲ್ಕ. ಹಾಗಾಗಿ ಖರ್ಚನ್ನು ಪ್ರಾಯೋಜಕರು ಹೊರಬೇಕು. ಕಾಗದಪತ್ರ ಪರಿಶೀಲಿಸುವ ಟೈಟಲ್ ಕಂಪನಿಗಳು, ಏಜೆಂಟರಿಗೆ ಸಾಫ್ಟ್‌ವೇರ್ ಮಾರುವವರು ಹಣ ಕೊಡಲು ಸಿದ್ಧರಿರುತ್ತಿದ್ದರು. ತೊಡಕಿದ್ದದ್ದು ಅಲ್ಲಿಯೇ. ಹಣ ಕೊಟ್ಟವನು ವೇದಿಕೆ ಕೇಳುತ್ತಾನೆ. ಇಲ್ಲಿ ವೇದಿಕೆಯೇ ಇಲ್ಲ. ಗೋಡೆಯ ಮೇಲೆ ಲಾಂಛನ ಹಾಕಿಕೊಳ್ಳಿ, ಬೇರೆಯವರಂತೆ ಕೂತು ಮಾತಾಡಿ, ಆದರೆ ಸರಕು ಮಾರುವಂತಿಲ್ಲ ಎಂಬ ನಿಯಮವನ್ನು ಮಾರುವುದೇ ವೃತ್ತಿಯಾದವರ ನಡುವೆ ಪಾಲಿಸಬೇಕಿತ್ತು. ಇದಕ್ಕೆ ಪೋಲೀಸರಾಗಿ ನೆರವಾದದ್ದು ಓವನ್‌ನ ಎರಡು ಕಾಲುಗಳು. ಸರಕಿನ ಜಾಹೀರಾತು ಶುರುವಾದರೆ ಕೋಣೆ ಖಾಲಿ. ಬೆಳಗಿನ ಮೊದಲ ಅರ್ಧ ಗಂಟೆಯ ಅಳುಕೂ ಇತ್ತು: ಖಾಲಿ ಪಟ್ಟಿಯ ಮುಂದೆ ಯಾರೂ ಮೊದಲು ಪೆನ್ನು ಹಿಡಿಯುವುದಿಲ್ಲ. ಹದಿನೈದು ದಿನ ಮುಂಚೆ ಕಾರ್ಯಸೂಚಿ ಹೊರಡಿಸದಿದ್ದರೆ ಸಭೆಯೇ ಅಸಿಂಧುವೆಂದು ಭಾವಿಸುವ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಆ ಅಳುಕು ಚೆನ್ನಾಗಿ ಅರ್ಥವಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಮಾದರಿ ಮುಂದಿನ ಎರಡು ಮೂರು ವರ್ಷಗಳಲ್ಲಿ ಅಮೆರಿಕದ ಅನೇಕ ನಗರಗಳಿಗೆ ಹಬ್ಬಿತು. ಪ್ರತಿ ಊರಿನಲ್ಲಿಯೂ ಬೇರೆ ಸ್ವಯಂಸೇವಕರು. ಕೇಂದ್ರ ಕಚೇರಿಯಿಲ್ಲ, ಅಪ್ಪಣೆ ಕೊಡುವವರಿಲ್ಲ. ಅದೇ ಕಾಲದಲ್ಲಿ ಕಸುಬಿನ ಜನಸಂಖ್ಯೆ ಕರಗುತ್ತಿತ್ತು. 2006ರಲ್ಲಿ 13 ಲಕ್ಷ ದಾಟಿದ್ದ ರಾಷ್ಟ್ರೀಯ ಸಂಘದ ಸದಸ್ಯಬಲ 2012ರ ಹೊತ್ತಿಗೆ 10 ಲಕ್ಷದ ಆಸುಪಾಸಿಗೆ ಇಳಿಯಿತು.

ಸಂಘಗಳು ಈ ಹೊಸ ಕೂಟವನ್ನು ದೂರವಿಡಲಿಲ್ಲ, ಒಳಗೆ ಕರೆದುಕೊಂಡವು. ಹಲವು ಊರುಗಳಲ್ಲಿ ರಿಯಲ್ಟರ್ ಸಂಘಗಳೇ ತಮ್ಮ ಕಟ್ಟಡವನ್ನು ಬಿಟ್ಟುಕೊಟ್ಟವು, ತಾವೇ ಆತಿಥೇಯರಾದವು. ಜಾಗದ ಚಿಂತೆ ತಪ್ಪಿತು. ನೂರು ವರ್ಷ ಹಿಂದೆ ಬ್ರೋಕರುಗಳು ಗೊತ್ತಾದ ದಿನ ಕೂಡಿ ತಮ್ಮ ಪಟ್ಟಿ ಓದಿ ಹೇಳುತ್ತಿದ್ದಂಥ ಸಂಘದ ಕೋಣೆಗಳಲ್ಲಿಯೇ ಈಗ ಅವರ ಮರಿಮಕ್ಕಳ ಪ್ರಾಯದವರು ಬೆಳಿಗ್ಗೆ ಬಂದು ಗೋಡೆಗೆ ಖಾಲಿ ಹಾಳೆ ಅಂಟಿಸತೊಡಗಿದರು.