ಲಿನಕ್ಸಿನ ನಾದಮಾರ್ಗ

ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪುಗಳಲ್ಲಿ ಕನ್ನಡದೊಡನೆ ಬಂಗಾಳಿಯೂ ಕಿವಿಗೆ ಬೀಳುವುದೆಂಬುದನ್ನು ವಾಚಕರು ಬಲ್ಲರು. 1947ರ ವಿಭಜನೆಯ ತರುವಾಯದ ದಶಕಗಳಲ್ಲಿ ಪೂರ್ವ ಬಂಗಾಳವನ್ನು ತೊರೆದು ಬಂದ ಕುಟುಂಬಗಳಿಗೆ ಅಲ್ಲಿ ನೆಲೆ ದೊರೆಯಿತು. ಆ ಜನರ ಕೀರ್ತನೆಯ ಮುದ್ರಿಕೆಯೊಂದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಮೊದಲು ಕಾಣೆಯಾಗುವುದು ಖೋಲ್ ವಾದ್ಯದ ಹಿರಿಯ ಮುಖದ ಮಂದ್ರನಾದ. ನಮ್ಮ ತತ್ತ್ವಪದದ ತಂಬೂರಿಗೂ ಅದೇ ಗತಿ. ಬೆರಳಗಲದ ಸ್ಪೀಕರು ಮಂದ್ರಕ್ಕೆ ಬೇಕಾದಷ್ಟು ಗಾಳಿಯನ್ನು ಅಲುಗಿಸಲಾರದು. ತಯಾರಕರು ಈ ಕೊರತೆಯನ್ನರಿತು ಧ್ವನಿಯನ್ನು ತಿದ್ದುವ ತಂತ್ರಾಂಶವನ್ನು ವಿಂಡೋಸಿನೊಡನೆ ಕೊಡುವುದುಂಟು. ತಿದ್ದಿದ ಕ್ರಮವನ್ನು ಹೊರಗೆಡಹುವುದು ವಿರಳ. ಆದಕಾರಣ ಅದೇ ಯಂತ್ರದಲ್ಲಿ ಲಿನಕ್ಸನ್ನು ಹೂಡಿದವರಿಗೆ ಸ್ಪೀಕರಿನ ಬರಿಯ ಕಂಠವೇ ಕೇಳುವುದು. ನಿಂದೆಯಾದರೋ ಲಿನಕ್ಸಿನ ಪಾಲಿಗೆ!

ಈ ಕೊರತೆ ನೀಗಲು ಇಷ್ಟು ಕಾಲವೇಕೆ ಹಿಡಿಯಿತೆಂಬುದನ್ನು ಹಿಂದಣ ಕಥೆಯಿಂದಲೇ ತಿಳಿಯಬೇಕು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಪ್ರಕಟಿಸಿದರು. ಮರುವರ್ಷವೇ ಹನ್ನು ಸವೊಲೈನೆನರು ಅದಕ್ಕೆ ಧ್ವನಿಯನ್ನು ಕೊಟ್ಟರು. ಇಬ್ಬರೂ ಫಿನ್‌ಲೆಂಡಿನವರು. 1998ರಲ್ಲಿ ಯರೊಸ್ಲಾವ್ ಕಿಸೆಲರು ಆರಂಭಿಸಿದ ಆಲ್ಸಾ 2002ರಲ್ಲಿ ಲಿನಕ್ಸಿನ ತಿರುಳನ್ನೇ ಸೇರಿತು. ನಾದವನ್ನು ತಿದ್ದುವ ಸಾಧನಗಳೂ ಇರದೆ ಹೋಗಲಿಲ್ಲ: ಲಾಡ್ಸ್ಪಾ ಎಂಬ ಸಾಮಾನ್ಯ ಕ್ರಮ 2000ದಲ್ಲಿಯೇ ಬಂದಿದ್ದಿತು. ಇರದಿದ್ದುದು ಸಂಗಮಸ್ಥಾನ. ತುಂಗಭದ್ರೆಯ ಎಡದಂಡೆ ನಾಲೆಯ ನೀರನ್ನು ಶೋಧಿಸಬೇಕೆಂದವನು ಒಂದೊಂದು ಗದ್ದೆಯಲ್ಲಿಯೂ ಜರಡಿ ಹಿಡಿದರೆ ಹೇಗೋ ಹಾಗೆ, ಒಂದೊಂದು ತಂತ್ರಾಂಶವೂ ತನ್ನ ನಾದವನ್ನು ತಾನೇ ತಿದ್ದಿಕೊಳ್ಳಬೇಕಾಗಿದ್ದಿತು. ಎಲ್ಲ ನಾದವೂ ಹಾದುಹೋಗುವ ಒಂದು ತೂಬು ಬೇಕಾಗಿದ್ದಿತು.

ಜರ್ಮನಿಯ ಲೆನಾರ್ಟ್ ಪೊಯೆಟರಿಂಗರು 2004ರಲ್ಲಿ ಆರಂಭಿಸಿದ ಕಾರ್ಯವೇ ಮುಂದೆ ಪಲ್ಸ್‌ಆಡಿಯೋ ಎನಿಸಿಕೊಂಡು ಆ ತೂಬಾಯಿತು. 2007ರಲ್ಲಿ ಫೆಡೋರಾ ವಿತರಣೆಯು ಅದನ್ನು ಅಂಗೀಕರಿಸಿದಾಗ ಧ್ವನಿ ಕಡಿಯುವುದು, ಒಮ್ಮೊಮ್ಮೆ ನಿಂತೇಹೋಗುವುದು ಎಂಬ ದೂರುಗಳು ವಿಪುಲವಾಗಿ ಬಂದವು. ಆ ನಿಂದೆಯಲ್ಲಿ ಅರ್ಧಮಾತ್ರ ನ್ಯಾಯವೆಂದು ನನ್ನೆಣಿಕೆ. ಕೆಳಗಣ ಚಾಲಕಗಳಲ್ಲಿ ಅದುವರೆಗೆ ಅಡಗಿದ್ದ ದೋಷಗಳು ಅದರಿಂದಲೇ ಬಯಲಾದವು. ಆ ತಳಹದಿಯ ಮೇಲೆ ವೆಲಿಂಗ್ಟನ್ ವಾಲೇಸರು ಪಲ್ಸ್‌ಎಫೆಕ್ಟ್ಸ್ ಎಂಬ ತಂತ್ರಾಂಶವನ್ನು ರಚಿಸಿ, ಇಡೀ ಯಂತ್ರದ ನಾದವನ್ನು ಒಂದೆಡೆಯಲ್ಲಿ ತಿದ್ದುವ ಸೌಕರ್ಯವನ್ನು ಎಲ್ಲರ ಕೈಗಿತ್ತರು. ವಿಮ್ ಟೈಮನ್ಸರ ಪೈಪ್‌ವೈರು 2021ರಲ್ಲಿ ಫೆಡೋರಾದಲ್ಲಿ ಪಲ್ಸ್‌ಆಡಿಯೋವಿನ ಸ್ಥಾನವನ್ನು ಪಡೆಯಿತು. ವಾಲೇಸರ ಕೃತಿಯೂ ಅದನ್ನನುಸರಿಸಿ ಈಜಿಎಫೆಕ್ಟ್ಸ್ ಎಂಬ ಹೆಸರನ್ನು ತಳೆಯಿತು.

ಆಪಲ್ ಯಂತ್ರಗಳಿಗೆ ಲಿನಕ್ಸನ್ನು ತಂದ ಅಸಾಹಿ ತಂಡದವರು ಇನ್ನೂ ಮುಂದೆ ಹೋದರು. ಒಂದೊಂದು ಮಾದರಿಯ ಸ್ಪೀಕರನ್ನೂ ಮೈಕಿನಿಂದ ಅಳೆದು, ಅದಕ್ಕೆ ತಕ್ಕ ತಿದ್ದುಪಡಿಯನ್ನು 2023ರಲ್ಲಿ ವಿತರಣೆಯೊಳಗೇ ಇಟ್ಟರು. ಅತಿಯಾಗಿ ಒತ್ತಿದರೆ ಸ್ಪೀಕರಿನ ಸುರುಳಿ ಸುಟ್ಟುಹೋದೀತೆಂದು, ಅದರ ಕಾವನ್ನು ಗಣಿಸಿ ಧ್ವನಿಯನ್ನು ತಗ್ಗಿಸುವ ಕಾವಲುಗಾರನನ್ನೂ ನೇಮಿಸಿದರು.

ಇಷ್ಟಾದರೂ ಖೋಲಿನ ಮಂದ್ರವು ನಿಜವಾಗಿ ಮರಳುವುದೇ? ಇಲ್ಲ. ಆದರೆ ಸೆಕೆಂಡಿಗೆ 100 ಕಂಪನದ ನಾದವನ್ನು ನುಡಿಸಲಾರದ ಸ್ಪೀಕರು 200, 300, 400 ಕಂಪನಗಳನ್ನು ಒಟ್ಟಿಗೆ ನುಡಿಸಿದರೆ, ಇಲ್ಲದ ಆ 100ನ್ನು ನಮ್ಮ ಕಿವಿಯೇ ಕಲ್ಪಿಸಿಕೊಳ್ಳುವುದು. ಈಜಿಎಫೆಕ್ಟ್ಸಿನಲ್ಲಿ ಮಂದ್ರವನ್ನು ಹೆಚ್ಚಿಸುವ ಅಂಗವು ಈ ಉಪಾಯವನ್ನೇ ಆಶ್ರಯಿಸಿದೆ.